ಬೆಳ್ಳುಳ್ಳಿ ಒಳ್ಳೆಯದೇ, ಆದರೆ ಯಾರಿಗೆ, ಎಷ್ಟು?



ಮಳೆ ಹಿಡಿದು ಶೀತಗಾಳಿ ಶುರುವಾದರೆ ಸಾಕು, ನಮ್ಮ ಫೋನುಗಳಿಗೆ ಬೆಳ್ಳುಳ್ಳಿಯ ಮಹಿಮೆ ಬರತೊಡಗುತ್ತದೆ. ಬರಿಹೊಟ್ಟೆಯಲ್ಲಿ ಎರಡು ಹಸಿ ಎಸಳು ಅಗಿದರೆ ಬಿ.ಪಿ. ಇಳಿಯುತ್ತದಂತೆ, ಕೊಲೆಸ್ಟ್ರಾಲ್ ಕರಗುತ್ತದಂತೆ. ಮಗುವಿನ ಎದೆಗೆ ಅರೆದು ಹಚ್ಚಿದರೆ ಕಫ ಕೀಳುತ್ತದಂತೆ. ನಾಯಿಯ ಅನ್ನದಲ್ಲಿ ದಿನಾ ಜಜ್ಜಿ ಹಾಕಿದರೆ ಉಣ್ಣಿ ಉದುರುತ್ತವಂತೆ, ಹೊಟ್ಟೆಹುಳು ಸಾಯುತ್ತವಂತೆ. ಕೊನೆಯಲ್ಲಿ ತಪ್ಪದೆ ಒಂದು ಸಾಲು ಇರುತ್ತದೆ: ಇದು ನೈಸರ್ಗಿಕ, ಯಾವ ಅಡ್ಡ ಪರಿಣಾಮವೂ ಇಲ್ಲ, ಹತ್ತು ಜನರಿಗೆ ಕಳುಹಿಸಿ.

ನಮ್ಮ ತಕರಾರು ಬೆಳ್ಳುಳ್ಳಿಯ ಮೇಲಲ್ಲ, ಈ ಕೊನೆಯ ಸಾಲಿನ ಮೇಲೆ. ಬೆಳ್ಳುಳ್ಳಿ ಇಲ್ಲದ ಸಾರು ನಮ್ಮಲ್ಲಿ ಯಾರಿಗೆ ಬೇಕು? ಬಾಣಂತಿಯ ಮೆಣಸಿನ ಸಾರಿನಿಂದ ಹಿಡಿದು ಮದುವೆ ಮನೆಯ ಮಸಾಲೆಯವರೆಗೆ ಅದು ನಮ್ಮ ಜೊತೆಗಿದೆ. ಆದರೆ ಅದನ್ನು ಅಡುಗೆಯಿಂದ ಎತ್ತಿ ಔಷಧಿಯ ಜಾಗದಲ್ಲಿ ಕೂರಿಸಿದರೆ, ಔಷಧಿಗೆ ಕೇಳುವ ಪ್ರಶ್ನೆಗಳನ್ನು ಅದಕ್ಕೂ ಕೇಳಬೇಕು. ಯಾರಿಗೆ? ಎಷ್ಟು? ಎಷ್ಟು ದಿನ? ಯಾವುದರ ಜೊತೆ ಕೂಡದು? ಈ ನಾಲ್ಕು ಪ್ರಶ್ನೆಗೆ ಉತ್ತರ ಇಲ್ಲದ ಮದ್ದನ್ನು ಮನೆಯವರಿಗೂ ಕೊಡಬಾರದು, ಬಾಯಿಲ್ಲದ ಪ್ರಾಣಿಗೂ ಕೊಡಬಾರದು. ನಾವು ಹೇಳಬೇಕೆಂದಿರುವುದು ಇಷ್ಟೇ.

ಮೊದಲು ಬೆಳ್ಳುಳ್ಳಿಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಇಡೀ ಎಸಳಿಗೆ ಅಷ್ಟಾಗಿ ಘಾಟು ಇರುವುದಿಲ್ಲ. ಜಜ್ಜಿದಾಗ ಅದರೊಳಗೆ ಬೇರೆ ಬೇರೆಯಾಗಿದ್ದ ಎರಡು ವಸ್ತುಗಳು ಸೇರಿ ‘ಅಲಿಸಿನ್’ ಎಂಬ ಗಂಧಕದ ಸಂಯುಕ್ತ ಹುಟ್ಟುತ್ತದೆ. ಆ ಘಾಟು ಅದರದೇ. ಅಮೆರಿಕದಲ್ಲಿ ಕ್ಯಾವಲಿಟೊ ಮತ್ತು ಬೇಲಿ ಎಂಬ ವಿಜ್ಞಾನಿಗಳು 1944ರಲ್ಲಿ ಅದನ್ನು ಬೇರ್ಪಡಿಸಿ, ಅದು ರೋಗಾಣುಗಳನ್ನು ತಡೆಯುತ್ತದೆಂದು ತೋರಿಸಿದರು. ಹಾಗಾಗಿ ಬೆಳ್ಳುಳ್ಳಿಯಲ್ಲಿ ಶಕ್ತಿ ಇದೆ ಎಂದ ಹಿರಿಯರ ಮಾತು ಸುಳ್ಳಲ್ಲ. ಆದರೆ ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ತಡೆಯುವುದು ಬೇರೆ, ಮನುಷ್ಯನ ಹೊಟ್ಟೆಗೆ ಹೋಗಿ ಕಾಯಿಲೆ ವಾಸಿ ಮಾಡುವುದು ಬೇರೆ. ಸೋಪು ಕೂಡ ರೋಗಾಣುವನ್ನು ಕೊಲ್ಲುತ್ತದೆ. ಹಾಗೆಂದು ಯಾರೂ ಸೋಪು ನುಂಗುವುದಿಲ್ಲ.

ಮನುಷ್ಯರ ಮೇಲೆ ಪರೀಕ್ಷೆ ನಡೆದಾಗ ಏನಾಯಿತು? ಕೊಲೆಸ್ಟ್ರಾಲ್ ವಿಚಾರ ನೋಡಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 192 ಜನರನ್ನು ಸೇರಿಸಿ, ಕೆಲವರಿಗೆ ಹಸಿ ಬೆಳ್ಳುಳ್ಳಿ, ಕೆಲವರಿಗೆ ಬೆಳ್ಳುಳ್ಳಿ ಮಾತ್ರೆ, ಕೆಲವರಿಗೆ ಬರೀ ಹುಸಿ ಮಾತ್ರೆ ಕೊಟ್ಟು ಆರು ತಿಂಗಳು ನೋಡಿದರು. ವಾರಕ್ಕೆ ಆರು ದಿನ, ದಿನಕ್ಕೆ ಸುಮಾರು ಒಂದು ದೊಡ್ಡ ಎಸಳಿನಷ್ಟು. 2007ರಲ್ಲಿ ಫಲಿತಾಂಶ ಹೊರಬಂತು. ಕೆಟ್ಟ ಕೊಲೆಸ್ಟ್ರಾಲ್ ಯಾವ ಗುಂಪಿನಲ್ಲೂ ಹೇಳಿಕೊಳ್ಳುವಂತೆ ಇಳಿದಿರಲಿಲ್ಲ. ಶೀತದ ವಿಚಾರಕ್ಕೆ ಬಂದರೆ, ಪ್ರಪಂಚದ ಪರೀಕ್ಷೆಗಳನ್ನೆಲ್ಲ ಜರಡಿ ಹಿಡಿಯುವ ಕೊಕ್ರೇನ್ ಸಂಸ್ಥೆಯವರ 2014ರ ವರದಿಯಲ್ಲಿ ನಂಬಲು ಯೋಗ್ಯವೆಂದು ಉಳಿದದ್ದು ಒಂದೇ ಪರೀಕ್ಷೆ, 146 ಜನರದ್ದು. ಮೂರು ತಿಂಗಳಲ್ಲಿ ಬೆಳ್ಳುಳ್ಳಿ ಮಾತ್ರೆ ತಿಂದವರಿಗೆ 24 ಸಲ, ಹುಸಿ ಮಾತ್ರೆ ತಿಂದವರಿಗೆ 65 ಸಲ ಶೀತ ಬಂತು. ನೋಡಲು ಆಶಾದಾಯಕ. ಆದರೆ ಒಂದೇ ಪರೀಕ್ಷೆಯಿಂದ ತೀರ್ಮಾನ ಮಾಡಲಾಗದು ಎಂದು ಅವರೇ ಬರೆದಿದ್ದಾರೆ. ಬಿ.ಪಿ. ಜಾಸ್ತಿ ಇರುವವರಲ್ಲಿ ಬೆಳ್ಳುಳ್ಳಿ ಮಾತ್ರೆ ಸ್ವಲ್ಪ ಇಳಿಸುತ್ತದೆ ಎಂದು ಹಲವು ಪರೀಕ್ಷೆಗಳು ಹೇಳುತ್ತವೆ. ‘ಸ್ವಲ್ಪ’ ಎಂಬ ಮಾತನ್ನು ಮರೆಯಬೇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಮೂಲೆಗೆ ಎಸೆಯುವಷ್ಟು ಅಲ್ಲ.

ನಿಜವಾದ ಅಪಾಯ ಶುರುವಾಗುವುದೇ ಇಲ್ಲಿ. ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾಯಿತು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆ ಬಾಗಿಲಿಗೇ ಬರುವ ವ್ಯವಸ್ಥೆ ಅದು. ಮಾತ್ರೆ ಬಾಗಿಲಿಗೆ ಬಂದರೂ ಡಬ್ಬಿಯಲ್ಲೇ ಉಳಿದು, ಅಜ್ಜಿ ಬರೀ ಬೆಳ್ಳುಳ್ಳಿ ಅಗಿಯುತ್ತ ಕುಳಿತರೆ ಆ ಬಿ.ಪಿ. ಯಾರಿಗೂ ಕಾಣದಂತೆ ಏರುತ್ತಿರುತ್ತದೆ. ಬಿ.ಪಿ.ಗೆ ನೋವಿಲ್ಲ, ಕೂಗಿಲ್ಲ. ಲಕ್ವ ಹೊಡೆದ ದಿನವೇ ಅದು ಗೊತ್ತಾಗುವುದು.

ಇನ್ನೊಂದು ಕಡೆಯೂ ಇದೆ. ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ. ಹೃದಯದ ತೊಂದರೆಗೆ ವಾರ್ಫರಿನ್, ಆಸ್ಪಿರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ತಾತನಿಗೆ ಅದರ ಮೇಲೆ ದಿನಕ್ಕೆ ಐದಾರು ಹಸಿ ಎಸಳು ಎಂದರೆ, ಗಾಯವಾದಾಗ ರಕ್ತ ನಿಲ್ಲುವುದು ಕಷ್ಟವಾಗಬಹುದು. ಆಪರೇಷನ್‌ಗೆ ಕನಿಷ್ಠ ಒಂದು ವಾರ ಮೊದಲೇ ಬೆಳ್ಳುಳ್ಳಿ ಮಾತ್ರೆ ನಿಲ್ಲಿಸಲು ವೈದ್ಯರು ಹೇಳುವುದು ಇದಕ್ಕೇ. ಎಚ್‌ಐವಿಗೆ ಕೊಡುತ್ತಿದ್ದ ಸಕ್ವಿನಾವಿರ್ ಎಂಬ ಔಷಧಿಯ ಪ್ರಮಾಣ, ಬೆಳ್ಳುಳ್ಳಿ ಮಾತ್ರೆಯ ಜೊತೆ ತೆಗೆದುಕೊಂಡಾಗ ರಕ್ತದಲ್ಲಿ ಅರ್ಧಕ್ಕೆ ಇಳಿದದ್ದೂ ಪರೀಕ್ಷೆಯಲ್ಲಿ ಕಂಡಿದೆ. ‘ಅಡ್ಡ ಪರಿಣಾಮ ಇಲ್ಲ’ ಎಂದು ಬರೆದವರಿಗೆ ಇದು ಗೊತ್ತಿರಲಿಲ್ಲ ಎಂದುಕೊಳ್ಳೋಣ.

ಹಾಗಾದರೆ ಎಷ್ಟು ಸರಿ? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಪ್ರಮಾಣ ದಿನಕ್ಕೆ 2ರಿಂದ 5 ಗ್ರಾಂ ಹಸಿ ಬೆಳ್ಳುಳ್ಳಿ, ಅಂದರೆ ದೊಡ್ಡ ಎಸಳಾದರೆ ಒಂದು. ನಮ್ಮ ಆಯುರ್ವೇದವೂ ಕಣ್ಣುಮುಚ್ಚಿ ಎಲ್ಲರೂ ತಿನ್ನಿ ಎಂದು ಹೇಳಿಲ್ಲ. ಬೆಳ್ಳುಳ್ಳಿಗೆ ‘ರಸೋನ’ ಎಂಬ ಹೆಸರಿಟ್ಟು, ಕಾಶ್ಯಪ ಸಂಹಿತೆಯಲ್ಲಿ ಅದಕ್ಕಾಗಿಯೇ ಒಂದು ಅಧ್ಯಾಯ ಮೀಸಲಿಟ್ಟ ಶಾಸ್ತ್ರ ಅದು. ಅದೇ ಶಾಸ್ತ್ರ ಅದನ್ನು ಉಷ್ಣ, ತೀಕ್ಷ್ಣ ಎಂದು ಕರೆದು, ಪಿತ್ತ ಮತ್ತು ರಕ್ತದ ತೊಂದರೆ ಇರುವವರಿಗೆ ಬೇಡ ಎನ್ನುತ್ತದೆ. ಯಾರಿಗೆ, ಎಷ್ಟು ಎಂಬ ಪ್ರಶ್ನೆ ಇಂಗ್ಲಿಷ್ ಔಷಧಿಯವರು ತಂದದ್ದಲ್ಲ. ಒಳ್ಳೆಯ ನಾಟಿ ವೈದ್ಯರು ಮೊದಲು ಕೇಳುವುದೂ ಅದನ್ನೇ.

ಚರ್ಮಕ್ಕೆ ಹಚ್ಚುವುದರ ಬಗ್ಗೆ ಎರಡು ಮಾತು. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿದರೆ ಕೆಲವು ಗಂಟೆಗಳಲ್ಲಿ ಬೆಂಕಿ ತಗುಲಿದಂತೆ ಚರ್ಮ ಸುಟ್ಟು ಬೊಕ್ಕೆ ಏಳಬಹುದು. ಕೂಸುಗಳ ತೆಳು ಚರ್ಮಕ್ಕೆ ಇನ್ನೂ ಬೇಗ. ಹಲ್ಲುನೋವಿಗೆ ಎಸಳು ಕಚ್ಚಿಕೊಂಡು ಮಲಗಿದರೆ ಒಸಡು ಸುಡುತ್ತದೆ, ಹಲ್ಲಿನ ಹುಳುಕು ಹಾಗೇ ಇರುತ್ತದೆ. ಕಿವಿ ಸೋರುತ್ತಿರುವ ಮಗುವಿಗೆ ಬೆಳ್ಳುಳ್ಳಿ ಎಣ್ಣೆ ಬಿಡಲೇಬಾರದು. ತಮಟೆ ತೂತಾಗಿದ್ದರೆ ಎಣ್ಣೆ ನೇರ ಒಳಕ್ಕೆ ಇಳಿಯುತ್ತದೆ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಹೊರಗಿಡುವುದೂ ಬೇಡ. ಗಾಳಿ ಸಿಗದ ಆ ಎಣ್ಣೆಯೊಳಗೆ ಬೊಟುಲಿಸಂ ಎಂಬ ಕಾಯಿಲೆ ತರುವ ಮಾರಕ ವಿಷ ಬೆಳೆಯಬಹುದು. ಕೆನಡಾದ ವ್ಯಾಂಕೂವರ್‌ನಲ್ಲಿ 1985ರಲ್ಲಿ ಒಂದು ಹೋಟೆಲಿನ ಇಂಥ ಬೆಳ್ಳುಳ್ಳಿ ಎಣ್ಣೆಯಿಂದ 36 ಜನ ಕಾಯಿಲೆ ಬಿದ್ದರು.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ನಾಯಿ ಕಚ್ಚಿದ ಗಾಯಕ್ಕೆ ಬೆಳ್ಳುಳ್ಳಿ, ಖಾರದಪುಡಿ, ಸುಣ್ಣ ಮೆತ್ತುವುದಕ್ಕೆ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಮ್ಮಿ ಯಾರೂ ಉಳಿಯುವುದಿಲ್ಲ. ಆದರೆ ಕಚ್ಚಿದ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ದಿನಗಳಲ್ಲಿ ಇಂಜೆಕ್ಷನ್ ಪೂರ್ತಿ ಹಾಕಿಸಿಕೊಂಡರೆ ಆ ಸಾವನ್ನು ತಡೆಯಬಹುದು. ಇಲ್ಲಿ ಮನೆಮದ್ದಿಗೆ ಜಾಗವೇ ಇಲ್ಲ. ‘ಮೊದಲು ಇದು ನೋಡೋಣ, ಆಮೇಲೆ ಆಸ್ಪತ್ರೆ’ ಎಂಬುದಕ್ಕೂ ಇಲ್ಲ.

ಈಗ ನಮ್ಮ ನಾಯಿ, ಬೆಕ್ಕುಗಳ ವಿಚಾರ. ಮನುಷ್ಯನಿಗೆ ಒಗ್ಗುವುದೆಲ್ಲ ಪ್ರಾಣಿಗೆ ಒಗ್ಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಯ ಗಂಧಕದ ಅಂಶಗಳು ನಾಯಿ ಮತ್ತು ಬೆಕ್ಕಿನ ಕೆಂಪು ರಕ್ತಕಣಗಳ ಹಿಮೊಗ್ಲೋಬಿನ್ ಅನ್ನು ಕೆಡಿಸುತ್ತವೆ. ಕೆಟ್ಟ ಕಣಗಳು ಒಡೆಯುತ್ತವೆ, ಪ್ರಾಣಿಗೆ ರಕ್ತ ಸಾಲದಾಗುತ್ತದೆ. ಬೆಕ್ಕಿನ ಹಿಮೊಗ್ಲೋಬಿನ್‌ನಲ್ಲಿ ಹೀಗೆ ಕೆಡಬಲ್ಲ ಜಾಗಗಳು ಎಂಟು, ನಾಯಿಯದರಲ್ಲಿ ನಾಲ್ಕು, ನಮ್ಮದರಲ್ಲಿ ಎರಡು. ಬೆಕ್ಕಿಗೆ ಎಲ್ಲರಿಗಿಂತ ಹೆಚ್ಚು ತೊಂದರೆ ಏಕೆಂದು ಇದರಿಂದ ತಿಳಿಯುತ್ತದೆ.

ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನಾಲ್ಕು ನಾಯಿಗಳಿಗೆ ಏಳು ದಿನ ಬೆಳ್ಳುಳ್ಳಿ ರಸ ಕೊಟ್ಟಿದ್ದರು. ಪ್ರತಿ ಕಿಲೋ ತೂಕಕ್ಕೆ 5 ಗ್ರಾಂ ಬೆಳ್ಳುಳ್ಳಿಗೆ ಸಮನಾದಷ್ಟು. ನಾಲ್ಕರಲ್ಲೂ ಕೆಂಪು ರಕ್ತಕಣ, ಹಿಮೊಗ್ಲೋಬಿನ್ ಇಳಿದವು. ಹೊರಗಿನಿಂದ ಕಾಣುವಷ್ಟು ಕಾಯಿಲೆ ಯಾವುದಕ್ಕೂ ಆಗಲಿಲ್ಲ. ಆದರೂ ನಾಯಿಗಳಿಗೆ ಬೆಳ್ಳುಳ್ಳಿ ತಿನ್ನಿಸಬೇಡಿ ಎಂದೇ ಅವರು ಸಲಹೆ ಕೊಟ್ಟರು. ‘ನಮ್ಮ ನಾಯಿ ಹತ್ತು ವರ್ಷದಿಂದ ಬೆಳ್ಳುಳ್ಳಿ ಸಾರಿನ ಅನ್ನ ತಿಂದು ಗಟ್ಟಿಮುಟ್ಟಾಗಿದೆ’ ಎನ್ನುವವರಿಗೆ ಉತ್ತರ ಇಲ್ಲಿದೆ. ಹತ್ತು ಕಿಲೋ ನಾಯಿಗೆ ಆ ಲೆಕ್ಕದಲ್ಲಿ 50 ಗ್ರಾಂ, ಹನ್ನೆರಡು ದೊಡ್ಡ ಎಸಳು ಬೇಕು. ಒಗ್ಗರಣೆಯ ಒಂದು ಚೂರು ತಟ್ಟೆಯಲ್ಲಿ ಉಳಿದಿದ್ದಕ್ಕೆ ಗಾಬರಿ ಬೇಡ. ಆದರೆ ಎರಡು ಕಿಲೋ ತೂಕದ ಮರಿಗೆ ಅದೇ ಲೆಕ್ಕ ಬರೀ 10 ಗ್ರಾಂ, ಎರಡು ಮೂರು ಎಸಳು. ‘ಔಷಧಿ’ ಎಂದು ದಿನಾ ಜಜ್ಜಿ ಹಾಕಿದರೆ ಅಷ್ಟಾಗಲು ಎಷ್ಟು ಹೊತ್ತು? ಕಣ್ಣಿಗೆ ಕಾಣದಿದ್ದರೂ ರಕ್ತದಲ್ಲಿ ಕೆಡುಕು ನಡೆಯುತ್ತಿರಬಹುದು ಎಂಬುದನ್ನೂ ಅದೇ ಪರೀಕ್ಷೆ ತೋರಿಸಿದೆ.

ಇದಕ್ಕಿಂತ ಗಂಭೀರವಾದ ಮಾತು ಉಣ್ಣಿಯದ್ದು. ನಾಯಿಗೆ ಜನ ಬೆಳ್ಳುಳ್ಳಿ ಹಾಕುವುದು ಮುಖ್ಯವಾಗಿ ಉಣ್ಣಿಗಾಗಿ. ಉಣ್ಣಿ ಕಚ್ಚಿ ಬರುವ ಜ್ವರಗಳಲ್ಲಿ ಬಬೀಸಿಯಾ ಎಂಬುದು ಒಂದು. ಆ ಕ್ರಿಮಿ ಕೂತು ಒಡೆಯುವುದೂ ಇದೇ ಕೆಂಪು ರಕ್ತಕಣಗಳನ್ನೇ. ಉಣ್ಣಿಜ್ವರ ಬಂದು ರಕ್ತ ಇಳಿಯುತ್ತಿರುವ ನಾಯಿಗೆ ರಕ್ತಕಣ ಒಡೆಯುವ ಬೆಳ್ಳುಳ್ಳಿಯನ್ನೇ ಮದ್ದೆಂದು ಕೊಟ್ಟರೆ, ಸೋರುವ ಕೊಡಕ್ಕೆ ಇನ್ನೊಂದು ತೂತು ಕೊರೆದ ಹಾಗೆ. ಒಸಡು ಬಿಳಿಚಿಕೊಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ನಾಲ್ಕು ಹೆಜ್ಜೆಗೇ ಏದುಸಿರು ಬಂದರೆ ತಡಮಾಡಬೇಡಿ. ಬೆಳ್ಳುಳ್ಳಿಯ ವಿಷ ತಿಂದ ದಿನವೇ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಕಾಣಬಹುದು. ನಾಲ್ಕು ದಿನದ ಹಿಂದೆ ಕೊಟ್ಟಿದ್ದರೂ ಪಶುವೈದ್ಯರಿಗೆ ಮುಚ್ಚಿಡದೆ ಹೇಳಿ.

‘ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಬೆಳ್ಳುಳ್ಳಿ ಕೊಡುವುದಿಲ್ಲವೇ?’ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುವ ದನಗಳ ಮನೆಮದ್ದುಗಳಲ್ಲೂ ಬೆಳ್ಳುಳ್ಳಿ ಇದೆ. ಕಾಲುಬಾಯಿ ರೋಗದ ದನಕ್ಕೆ ಜೀರಿಗೆ, ಮೆಂತ್ಯ, ಮೆಣಸು, ಅರಿಶಿನ, ಬೆಲ್ಲ, ತೆಂಗಿನಕಾಯಿಯ ಜೊತೆ ಅರೆಯುತ್ತಾರೆ. ಆದರೆ ಅಲ್ಲಿ ಯಾವುದು ಎಷ್ಟು ಎಂದು ಅಳತೆ ಬರೆದಿದೆ, ಕೊಡುವುದು ಮುನ್ನೂರು ನಾನೂರು ಕಿಲೋ ತೂಗುವ ಹಸುವಿಗೆ. ಹಸುವಿನ ಲೆಕ್ಕ ಬೆಕ್ಕಿಗೆ ನಡೆಯುವುದಿಲ್ಲ. ಮನೆಮದ್ದನ್ನು ಗೌರವಿಸುವುದೆಂದರೆ ಅದರ ಅಳತೆಯನ್ನೂ ಗೌರವಿಸುವುದು.

ಇಷ್ಟೆಲ್ಲ ಹೇಳಿದ ಮೇಲೆ, ನಮ್ಮ ಹಿರಿಯರು ತಿಳಿಯದವರು ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ನಮ್ಮ ತಾಳವಾಡಿ ಸೀಮೆಯಲ್ಲಿ ರಾತ್ರಿ ಹೊತ್ತು ದೊಡ್ಡ ಆಸ್ಪತ್ರೆ ಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕು, ಇಲ್ಲವೇ ಗಡಿ ದಾಟಿ ಚಾಮರಾಜನಗರಕ್ಕೆ. ದಾರಿಯಲ್ಲಿ ಆನೆ ನಿಂತಿದ್ದರೆ ಅದು ಸರಿಯುವವರೆಗೆ ಕಾಯಬೇಕು. ಒಂದು ದಿನದ ಕೂಲಿ, ಬಸ್ ಚಾರ್ಜು, ಕಾಯುವ ಸಾಲು ಎಲ್ಲ ಲೆಕ್ಕ ಹಾಕಿದಾಗ ಅಡುಗೆಮನೆಯ ಬೆಳ್ಳುಳ್ಳಿ ಹತ್ತಿರವಾಗುತ್ತದೆ. ಅದು ಅಜ್ಞಾನವಲ್ಲ, ದೂರ.

ಇನ್ನೊಂದು ದೂರವೂ ಇದೆ, ಅದು ಭಾಷೆಯದು. ಆಸ್ಪತ್ರೆಯಲ್ಲಿ ಮಾತು ತಮಿಳಿನಲ್ಲಿ, ಚೀಟಿ ಇಂಗ್ಲಿಷಿನಲ್ಲಿ. ಬೆಳ್ಳುಳ್ಳಿಯ ಸಂದೇಶ ಮಾತ್ರ ನಮ್ಮದೇ ಕನ್ನಡದಲ್ಲಿ, ಪ್ರೀತಿಯಿಂದ ‘ಅಮ್ಮಂದಿರೇ, ಅಕ್ಕಂದಿರೇ’ ಎಂದು ಕರೆಯುತ್ತ ಬರುತ್ತದೆ. ಅಜ್ಜಿ ಯಾವುದನ್ನು ನಂಬುತ್ತಾರೆ? ಅರ್ಥವಾದದ್ದನ್ನು. ಗಡಿಯಲ್ಲಿರುವ ನಮ್ಮಂಥವರಿಗೆ ಈ ವಿಚಾರದಲ್ಲಿ ವಿಶೇಷ ಜವಾಬ್ದಾರಿ ಇರುವುದು ಇದರಿಂದಲೇ. ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿತು ಮನೆಯಲ್ಲಿ ಕನ್ನಡ ಮಾತಾಡುವವರು ನಾವು. ಮಾತ್ರೆಯ ಪಟ್ಟಿಯ ಮೇಲೆ ಬರೆದದ್ದನ್ನು ಕನ್ನಡದಲ್ಲಿ ಹೇಳಲು ಮನೆಯಲ್ಲಿ ನಮ್ಮನ್ನು ಬಿಟ್ಟರೆ ಬೇರೆ ಯಾರಿದ್ದಾರೆ?

ಪವಿತ್ರ ಬೈಬಲಿನಲ್ಲಿ ಬೆಳ್ಳುಳ್ಳಿಯ ಹೆಸರು ಬರುವುದು ಸಂಖ್ಯಾಕಾಂಡದ 11ನೇ ಅಧ್ಯಾಯದಲ್ಲಿ. ಮರುಭೂಮಿಯಲ್ಲಿ ಇಸ್ರಯೇಲರು ಈಜಿಪ್ಟಿನ ಊಟ ನೆನೆದು ಗೊಣಗುತ್ತಾರೆ, ಬೆಳ್ಳುಳ್ಳಿಯನ್ನೂ ನೆನೆಯುತ್ತಾರೆ. ಅಲ್ಲಿ ಅದು ಊಟ, ಔಷಧಿಯಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ ಭೂಮಿಯಿಂದ ಬರುವ ಮದ್ದನ್ನೂ ಮದ್ದು ಬಲ್ಲ ವೈದ್ಯನನ್ನೂ ದೇವರ ಕೊಡುಗೆಯೆಂದೇ ಎಣಿಸುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡು ಎಂದು ಅಲ್ಲಿ ಹೇಳಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ಅಜ್ಜಿಯ ಕೈಯಿಂದ ಬೆಳ್ಳುಳ್ಳಿ ಕಿತ್ತುಕೊಳ್ಳುವುದು ಬೇಡ. ‘ಅಜ್ಜಿ, ಬೆಳ್ಳುಳ್ಳಿ ಸಾರಲ್ಲಿ ಹಾಕಿ, ಚೆನ್ನಾಗಿರುತ್ತೆ. ಮಾತ್ರೆ ಮಾತ್ರ ಬಿಡಬೇಡಿ. ತಗೊಂಡ್ರಾ ಇವತ್ತು?’ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಸಾಕು. ಡಾಕ್ಟರ ಬಳಿ ಜೊತೆಗೆ ಹೋದಾಗ, ಮನೆಯಲ್ಲಿ ಏನೇನು ನಾಟಿಮದ್ದು ತಿನ್ನುತ್ತಾರೆಂದು ನಾವೇ ಹೇಳೋಣ. ಬೈಯುತ್ತಾರೆಂಬ ಹೆದರಿಕೆಯಿಂದ ಹಿರಿಯರು ಅದನ್ನು ಹೇಳುವುದಿಲ್ಲ. ಮಕ್ಕಳ ಹೊಟ್ಟೆಹುಳುವಿಗೆ ಶಾಲೆ, ಅಂಗನವಾಡಿಯಲ್ಲಿ ಪುಕ್ಕಟೆ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸದಂತೆ ನೋಡಿಕೊಳ್ಳೋಣ. ನಾಯಿಗೆ ಉಣ್ಣಿ ಆಗಿದ್ದರೆ ಪಶು ಆಸ್ಪತ್ರೆಯಲ್ಲಿ ಅದಕ್ಕೆ ತಕ್ಕ ಔಷಧಿ ಕೇಳೋಣ, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯನ್ನೂ ಹಾಕಿಸೋಣ. ಸಂದೇಶ ಬಂದಾಗ ಯಾರಿಗೆ, ಎಷ್ಟು, ಎಷ್ಟು ದಿನ, ಯಾವುದರ ಜೊತೆ ಬೇಡ ಎಂಬ ನಾಲ್ಕರಲ್ಲಿ ಒಂದಕ್ಕೂ ಉತ್ತರ ಇಲ್ಲದಿದ್ದರೆ ಅದನ್ನು ನಮ್ಮಲ್ಲೇ ನಿಲ್ಲಿಸೋಣ.

ಕಳುಹಿಸಲೇಬೇಕೆಂದರೆ ಎರಡು ನಂಬರುಗಳನ್ನು ಹತ್ತು ಜನರಿಗೆ ಕಳುಹಿಸಿ. ಮನುಷ್ಯರಿಗೆ ತುರ್ತಾದರೆ 108. ಪ್ರಾಣಿಗಳಿಗೆ 1962.